ಮೂರು ಗಟ್ಟಿ ತುಂಡು, ಎರಡು ಮೆತ್ತನೆಯ ಜಾಗ: ಮನುಷ್ಯನ ಮೈ ಬಿಡಿಸುವ ಬಗ್ಗೆ

ಎಲ್ಲರೂ ಒಮ್ಮೆ ಎದ್ದು ನಿಲ್ಲಿ. ಎರಡೂ ಕೈ ಸೊಂಟದ ಮೇಲಿಡಿ. ಹೆಬ್ಬೆರಳು ಬೆನ್ನಿನ ಕಡೆ, ಉಳಿದ ಬೆರಳು ಹೊಟ್ಟೆಯ ಕಡೆ. ಹೊಟ್ಟೆಯ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಗಟ್ಟಿ ಮೂಳೆಯ ತುದಿ ಬೆರಳಿಗೆ ತಾಗುತ್ತದೆ. ಸಿಕ್ಕಿತಾ? ಸಿಗದಿದ್ದರೆ ಸ್ವಲ್ಪ ಒತ್ತಿ ನೋಡಿ, ಅದು ಎಲ್ಲರಿಗೂ ಇದೆ. ಈಗ ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ. ಎಡ ಮೊಣಕಾಲನ್ನು ಸ್ವಲ್ಪ ಮಡಿಸಿ ಸಡಿಲ ಬಿಡಿ.

ಬಲಗಡೆಯ ಮೂಳೆ ಮೇಲೆ ಹೋಯಿತು, ಎಡಗಡೆಯದು ಕೆಳಗಿಳಿಯಿತು. ಹಾಗೇ ನಿಂತು ಪಕ್ಕದವರ ಭುಜ ನೋಡಿ. ಬಲ ಭುಜ ಕೆಳಗೆ ಬಂದಿದೆ, ಎಡ ಭುಜ ಮೇಲಿದೆ. ಭುಜ ಇಳಿಸಿ ಅಂತ ನಾನು ಹೇಳಲೇ ಇಲ್ಲ, ಅಲ್ವಾ? ನೀವೂ ಬೇಕೆಂದು ಇಳಿಸಲಿಲ್ಲ. ಬೀಳಬಾರದು ಅಂತ ಮೈ ತಾನೇ ಹಾಗೆ ಮಾಡಿಕೊಂಡಿತು. ಸೊಂಟ ಒಂದು ಕಡೆ ವಾಲಿದರೆ ಭುಜ ಇನ್ನೊಂದು ಕಡೆ ವಾಲುತ್ತದೆ. ಗ್ರೀಕ್ ಶಿಲ್ಪಿಗಳು ಇದನ್ನು ಕ್ರಿ.ಪೂ. 5ನೇ ಶತಮಾನದಲ್ಲೇ ಹಿಡಿದಿದ್ದರು. ಪಾಲಿಕ್ಲೀಟಸ್ ಮಾಡಿದ ಈಟಿ ಹಿಡಿದ ಯುವಕನ ಕಂಚಿನ ಮೂರ್ತಿ ಈಗಿಲ್ಲ, ಅದರ ರೋಮನ್ ಕಾಲದ ಅಮೃತಶಿಲೆಯ ನಕಲುಗಳು ಮಾತ್ರ ಉಳಿದಿವೆ. ಆ ನಕಲಿನಲ್ಲೂ ನೀವು ಈಗ ನಿಂತಿರುವ ಹಾಗೇ ಅವನು ನಿಂತಿದ್ದಾನೆ. ಸರಿ, ಕುಳಿತುಕೊಳ್ಳಿ.

ಈ ಒಂದು ವಿಷಯ ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ಯಾಕೆಂದರೆ ಆ ಎರಡು ವರ್ಷ ನಾನು ಮಾಂಸಖಂಡಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ದೊಡ್ಡವರ ಮೈಯಲ್ಲಿ 206 ಮೂಳೆ, 600ಕ್ಕೂ ಜಾಸ್ತಿ ಮಾಂಸಖಂಡ. ಫಿಗರ್ ಡ್ರಾಯಿಂಗ್ ಕಲಿಯಬೇಕಾದರೆ ಅನಾಟಮಿ, ಅಂದರೆ ಮೈಯ ಒಳರಚನೆ, ಗೊತ್ತಿರಬೇಕು ಅಂತ ಯಾರೋ ಹೇಳಿದ್ದರು, ನಾನು ಅದನ್ನು ವೈದ್ಯಕೀಯ ವಿದ್ಯಾರ್ಥಿಯ ಹಾಗೆ ತೆಗೆದುಕೊಂಡೆ. ಬೆನ್ನಿನ ಮೇಲೆ ಏನೇನಿದೆ, ಮುಂಗೈಯಲ್ಲಿ ಎಷ್ಟು ಪಟ್ಟಿಗಳಿವೆ, ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಚಿತ್ರದಲ್ಲಿ ತೋರಿಸುತ್ತಲೂ ಇದ್ದೆ. ಒಂದು ದಿನ ನನಗಿಂತ ತುಂಬಾ ಚೆನ್ನಾಗಿ ಬಿಡಿಸುವ ಒಬ್ಬರು ನನ್ನ ನೋಟ್‌ಬುಕ್ ತಿರುವಿ ಹಾಕಿದರು. ಒಂದು ಪುಟದಲ್ಲಿ ನಿಂತರು. ಹೊಟ್ಟೆಯ ಮೇಲೆ ಆರು ಗಂಟು, ತೋಳಿನ ತುಂಬ ಉಬ್ಬು, ನಾನು ಮೂರು ಸಂಜೆ ಕೂತು ಮಾಡಿದ ಚಿತ್ರ ಅದು. ಅವರು ಕೇಳಿದ್ದು ಇಷ್ಟೇ: 'ಇವನ ಭಾರ ಯಾವ ಕಾಲಿನ ಮೇಲಿದೆ?'

ನನಗೆ ಉತ್ತರ ಗೊತ್ತಿರಲಿಲ್ಲ. ಆ ಚಿತ್ರಕ್ಕೂ ಗೊತ್ತಿರಲಿಲ್ಲ.

ಆಮೇಲೆ ಓದಿದಾಗ ತಿಳಿಯಿತು, ಇದು ಹಳೆಯ ರೋಗ. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇಂಥವರನ್ನೇ ಬೈದಿದ್ದಾನೆ. ಎಲ್ಲ ಮಾಂಸಖಂಡವನ್ನೂ ಉಬ್ಬಿಸಿ ತೋರಿಸಿದರೆ ಅದು ಮನುಷ್ಯನಲ್ಲ, ಅಕ್ರೋಟು ತುಂಬಿದ ಚೀಲ, ಇಲ್ಲವೇ ಮೂಲಂಗಿಯ ಕಟ್ಟು ಅಂತ. ಹೀಗೆ ಹೇಳಿದವನು ಅನಾಟಮಿ ಗೊತ್ತಿಲ್ಲದವನಲ್ಲ. 30ಕ್ಕೂ ಹೆಚ್ಚು ಹೆಣ ಕೊಯ್ದು ನೋಡಿದ್ದೇನೆ ಅಂತ ಅವನೇ ಹೇಳಿಕೊಂಡಿದ್ದ. ಅಷ್ಟು ನೋಡಿದವನು ಎಷ್ಟು ಬಿಡಬೇಕು ಅನ್ನುವುದನ್ನೂ ಕಲಿತಿದ್ದ. ನಾನು ಸೇರಿಸುವುದನ್ನು ಮಾತ್ರ ಕಲಿತಿದ್ದೆ.

ಹಾಗಾದರೆ ಎಷ್ಟು ಇಟ್ಟುಕೊಳ್ಳೋಣ? ನನ್ನ ಲೆಕ್ಕ ಇದು. ಮೈಯಲ್ಲಿ ಮೂರು ಗಟ್ಟಿ ತುಂಡುಗಳಿವೆ: ತಲೆ, ಎದೆಗೂಡು, ಸೊಂಟದ ಮೂಳೆ. ಇವು ಮೂರೂ ವಾಲುತ್ತವೆ, ತಿರುಗುತ್ತವೆ, ಆದರೆ ಆಕಾರ ಬದಲಿಸುವುದಿಲ್ಲ. ದವಡೆ ತೆರೆಯುತ್ತದೆ, ಉಸಿರಾಡುವಾಗ ಎದೆ ಸ್ವಲ್ಪ ಹಿಗ್ಗುತ್ತದೆ, ಅದನ್ನು ಸದ್ಯಕ್ಕೆ ಮರೆತುಬಿಡಿ. ಇವುಗಳ ನಡುವೆ ಎರಡು ಮೆತ್ತನೆಯ ಜಾಗ: ಕತ್ತು ಮತ್ತು ನಡು. ಬಾಗುವುದು, ಮಡಚುವುದು, ಎಳೆದುಕೊಳ್ಳುವುದು ಎಲ್ಲ ಆಗುವುದು ಅಲ್ಲಿ. ಕೈಕಾಲು ಆಮೇಲೆ ಬರುತ್ತವೆ. ಈ ಐದು ಸರಿಯಾಗಿ ಕೂತರೆ ಕೈಕಾಲು ಬರೀ ಕಡ್ಡಿಯಾಗಿದ್ದರೂ ಆ ಮನುಷ್ಯ ಏನು ಮಾಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ.

ತಲೆಗೆ ಒಂದು ಮೊಟ್ಟೆ ಸಾಕು. ಎದೆಗೂಡು ಕೂಡ ಮೊಟ್ಟೆಯೇ, ಸ್ವಲ್ಪ ದೊಡ್ಡದು, ಚೂಪು ಭಾಗ ಮೇಲೆ. ಸೊಂಟದ ಮೂಳೆಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೇ ಯಾಕೆ? ಪೆಟ್ಟಿಗೆಗೆ ಮುಂದೆ, ಹಿಂದೆ, ಪಕ್ಕ ಅಂತ ಇರುತ್ತದೆ, ಯಾವ ಕಡೆ ತಿರುಗಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಮೊಟ್ಟೆ ತಿರುಗಿದರೆ ಗೊತ್ತಾಗುವುದಿಲ್ಲ, ಅದಕ್ಕೇ ಎದೆಯ ಮೊಟ್ಟೆಯ ಮೇಲೆ ನಟ್ಟನಡುವೆ ಒಂದು ಗೆರೆ ಹಾಕಿಕೊಳ್ಳಿ, ಕತ್ತಿನ ಗುಳಿಯಿಂದ ಹೊಕ್ಕುಳಿನ ಕಡೆಗೆ. 16ನೇ ಶತಮಾನದಲ್ಲಿ ಲೂಕಾ ಕಾಂಬಿಯಾಸೊ ಅನ್ನುವ ಇಟಲಿಯ ಚಿತ್ರಕಾರ ಇಡೀ ಗುಂಪುಗಳನ್ನೇ ಪೆಟ್ಟಿಗೆ ಪೆಟ್ಟಿಗೆಯಾಗಿ ಬರೆದಿದ್ದಾನೆ. ಇವತ್ತು ನೋಡಿದರೆ ಕಂಪ್ಯೂಟರ್ ಗೇಮಿನ ಗೊಂಬೆಗಳ ಹಾಗೆ ಕಾಣುತ್ತವೆ. ಆದರೆ ಆ ಪೆಟ್ಟಿಗೆಗಳು ಓಡುತ್ತವೆ, ಕುಸ್ತಿ ಮಾಡುತ್ತವೆ, ಬೀಳುತ್ತವೆ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಪಕ್ಕದಿಂದ ನೋಡಿ ಬಿಡಿಸುವಾಗ ಮೂರನ್ನೂ ಒಂದರ ಮೇಲೊಂದು ನೆಟ್ಟಗೆ ಜೋಡಿಸುತ್ತಾರೆ, ಡಬ್ಬಿ ಪೇರಿಸಿದ ಹಾಗೆ. ಮೈ ಹಾಗಿಲ್ಲ. ಎದೆಗೂಡಿನ ಮೇಲ್ಭಾಗ ಹಿಂದಕ್ಕೆ ವಾಲಿದೆ. ಸೊಂಟದ ಪೆಟ್ಟಿಗೆ ಮುಂದಕ್ಕೆ ಬಾಗಿದೆ. ಕತ್ತು ನೆಟ್ಟಗೆ ಮೇಲೆ ಹೋಗುವುದಿಲ್ಲ, ಓರೆಯಾಗಿ ಮುಂದಕ್ಕೆ ಹೋಗಿ ತಲೆಯನ್ನು ಹೊರುತ್ತದೆ. ನೆಟ್ಟಗೆ ನಿಂತವನಲ್ಲೂ ಈ ಹಿಂದೆ ಮುಂದೆ ಇದೆ. ಇದನ್ನು ಬಿಟ್ಟರೆ ನಿಂತ ಮನುಷ್ಯ ಕಂಬ ಆಗುತ್ತಾನೆ.

ನಡುವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಚಿತ್ರ ಕೆಡುವುದೂ ಬದುಕುವುದೂ ಅಲ್ಲೇ. ಒಬ್ಬರು ಎಡಕ್ಕೆ ಬಾಗಿ ಕೆಳಗೆ ಬಿದ್ದ ಏನನ್ನೋ ಎತ್ತಿಕೊಳ್ಳುತ್ತಿದ್ದಾರೆ ಅನ್ನಿ. ಎಡಗಡೆ ಎದೆಗೂಡಿನ ಅಂಚು ಸೊಂಟದ ಮೂಳೆಯ ಹತ್ತಿರ ಬರುತ್ತದೆ, ನಡುವಿನ ಚರ್ಮ, ಮಾಂಸ ಎಲ್ಲ ಮಡಿಕೆ ಬೀಳುತ್ತದೆ. ಬಲಗಡೆ ಅದೇ ಎಳೆದುಕೊಂಡು ಬಿಗಿಯಾಗುತ್ತದೆ. ಎಡಕ್ಕೆ ಚಿಕ್ಕ ಚಿಕ್ಕ ಎರಡು ಮೂರು ಗೆರೆ, ಒಂದರೊಳಗೊಂದು ನುಗ್ಗಿದ ಹಾಗೆ. ಬಲಕ್ಕೆ ಕಂಕುಳಿನಿಂದ ತೊಡೆಯವರೆಗೆ ಒಂದೇ ಉದ್ದ ಗೆರೆ. ಇಷ್ಟು ಸಾಕು, ಬಾಗಿದ ಹಾಗೆ ಕಾಣುತ್ತದೆ. ಹೊಸಬರು ಏನು ಮಾಡುತ್ತಾರೆ? ಎರಡೂ ಕಡೆ ಒಂದೇ ಥರದ ಡೊಂಕು ಗೆರೆ ಎಳೆಯುತ್ತಾರೆ. ಆಗ ಮೈ ರಬ್ಬರ್ ಕೊಳವೆ ಆಗುತ್ತದೆ.

ತಿರುಗುವ ವಿಷಯದಲ್ಲಿ ಒಂದು ತಪ್ಪೊಪ್ಪಿಗೆ. ಬೆನ್ನುಮೂಳೆಯಲ್ಲಿ ಕತ್ತಿಗೆ 7 ಮಣಿ, ಎದೆಯ ಹಿಂದೆ 12, ನಡುವಿನಲ್ಲಿ 5. ನಾವು ಪಕ್ಕಕ್ಕೆ ತಿರುಗಿ ಹಿಂದೆ ನೋಡುವಾಗ ನಡುವಿನ ಆ 5 ಮಣಿಗಳು ಹೆಚ್ಚು ತಿರುಗುವುದಿಲ್ಲ. ಅವು ಬಾಗುವುದರಲ್ಲಿ ಜಾಣ, ತಿರುಗುವುದರಲ್ಲಿ ಮೊಂಡು. ಹೆಚ್ಚಿನ ತಿರುಗಾಟ ಎದೆಯ ಹಿಂದಿನ ಮಣಿಗಳದ್ದು. ಅಂದರೆ ಎದೆಗೂಡು ಒಂದು ಗಟ್ಟಿ ತುಂಡು ಅಂತ ನಾನು ಈಗ ಹೇಳಿದ್ದು ಪೂರ್ತಿ ನಿಜವಲ್ಲ. ಆದರೂ ಬಿಡಿಸುವಾಗ ಎದೆಯನ್ನು ಒಂದೇ ಮೊಟ್ಟೆಯಾಗಿ ಇಟ್ಟುಕೊಂಡು ತಿರುಚಿದ್ದನ್ನೆಲ್ಲ ನಡುವಿಗೆ ತಳ್ಳಿ. ಕಣ್ಣು ಒಪ್ಪುತ್ತದೆ. ಅನಾಟಮಿಯನ್ನು ಸರಳ ಮಾಡುವುದು ಅಂದರೆ ಇದೇ, ಗೊತ್ತಿದ್ದೂ ಹೇಳುವ ಸಣ್ಣ ಸುಳ್ಳು. ಗೊತ್ತಿಲ್ಲದೆ ಹೇಳಿದರೆ ಮಾತ್ರ ಸಿಕ್ಕಿಬೀಳುತ್ತೇವೆ.

ಅಳತೆಗೆ ಬರೋಣ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಎಲ್ಲರಿಗೂ ಇದೇ ಮೊದಲು ಬೇಕು, ನನಗೆ ಇದರ ಮೇಲೆ ಅಷ್ಟು ಪ್ರೀತಿ ಇಲ್ಲ. ತಲೆಯ ಉದ್ದವನ್ನೇ ಅಳತೆಗೋಲು ಮಾಡಿಕೊಂಡರೆ ದೊಡ್ಡವರ ಎತ್ತರ ಸಾಮಾನ್ಯವಾಗಿ ಏಳೂವರೆ ತಲೆ. ಧೀರ, ವೀರ ಅಂತ ತೋರಿಸಬೇಕಾದರೆ 8 ತಲೆ ಹಾಕುತ್ತಾರೆ. ಈಗಷ್ಟೇ ಹುಟ್ಟಿದ ಮಗು ಸುಮಾರು 4 ತಲೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ಮೂರ್ತಿಯ ಅಳತೆ ಹೇಳುವ ತಾಲಮಾನದಲ್ಲಿ ಲೆಕ್ಕ ತಲೆಯದಲ್ಲ, ಮುಖದ್ದು. ಒಂದು ತಾಲಕ್ಕೆ 12 ಅಂಗುಲ, ನವತಾಲದ ಮೂರ್ತಿಗೆ 108. ಜರ್ಮನಿಯ ಚಿತ್ರಕಾರ ಡ್ಯೂರರ್ ಮನುಷ್ಯನ ಅಳತೆಗಳ ಬಗ್ಗೆ ಪುಸ್ತಕವನ್ನೇ ಬರೆದ, ಅದು 1528ರಲ್ಲಿ ಅವನು ತೀರಿಕೊಂಡ ಕೆಲವು ತಿಂಗಳಿಗೆ ಅಚ್ಚಾಯಿತು. ಅವನು ಒಂದೇ ಸರಿಯಾದ ಅಳತೆ ಅಂತ ಕೊಡಲಿಲ್ಲ. ದಪ್ಪ, ತೆಳ್ಳಗೆ, ಗಿಡ್ಡ, ಉದ್ದ ಅಂತ ಹಲವು ಬಗೆಯ ಮೈಗಳನ್ನು ಅಳೆದು ಕೊಟ್ಟ. ಅದು ನನಗೆ ಇಷ್ಟ.

ತಲೆ ಎಣಿಸುವುದಕ್ಕಿಂತ ಮೈಯ ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸುವುದು ಒಳ್ಳೆಯದು. ಅಂಗೈಯ ಬುಡವನ್ನು ಗದ್ದಕ್ಕಿಟ್ಟು ಕೈಯನ್ನು ಮುಖದ ಮೇಲೆ ಇಟ್ಟುಕೊಳ್ಳಿ. ನಡುಬೆರಳು ಹಣೆಯ ಮೇಲೆ, ಹೆಚ್ಚು ಕಡಿಮೆ ಕೂದಲಿನ ಹತ್ತಿರ ಹೋಗುತ್ತದೆ. ಅಷ್ಟು ದೊಡ್ಡದು ನಿಮ್ಮ ಕೈ! ನೀವು ಬಿಡಿಸುವ ಕೈ ಅಷ್ಟು ದೊಡ್ಡದಿರುತ್ತದಾ? ಇರುವುದಿಲ್ಲ. ಕೈ ಬಿಡಿಸುವುದು ಕಷ್ಟ, ಅದಕ್ಕೆ ಹೆದರಿ ಚಿಕ್ಕದಾಗಿ ಮಾಡಿ ಮುಗಿಸುತ್ತೇವೆ. ಪಾದವೂ ಹಾಗೇ. ನೆಲದ ಮೇಲೆ ಕೂತು ಪಾದವನ್ನು ಮುಂಗೈಯ ಒಳಬದಿಗೆ ಹಿಡಿದು ನೋಡಿ. ಮೊಣಕೈಯಿಂದ ಮಣಿಕಟ್ಟಿನವರೆಗೆ ಇರುವಷ್ಟು ಉದ್ದ ಪಾದ ಇದೆ. ಮೊದಲ ಸಲ ನೋಡಿದಾಗ ನನಗೆ ನಂಬಿಕೆ ಬರಲಿಲ್ಲ. ಕಣ್ಣು ಇರುವುದು ತಲೆಯ ಅರ್ಧಕ್ಕೆ, ಮೇಲಲ್ಲ. ನಿಂತವನ ಎತ್ತರದ ಅರ್ಧ ಬರುವುದು ಹೊಕ್ಕುಳಿನಲ್ಲಲ್ಲ, ಇನ್ನೂ ಕೆಳಗೆ, ಕಾಲು ಕವಲೊಡೆಯುವ ಜಾಗದಲ್ಲಿ. ಇಷ್ಟು ಸಾಕು. ಕೂತವನಿಗೆ, ಮಲಗಿದವನಿಗೆ, ನಮ್ಮ ಕಡೆಗೆ ಕೈ ಚಾಚಿದವನಿಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಈಗ ನನ್ನ ಇಷ್ಟದ ಭಾಗ. ಚರ್ಮದ ಕೆಳಗೇ ಮೂಳೆ ಸಿಗುವ ಜಾಗಗಳು. ಕತ್ತಿನ ಗುಳಿ, ಕಾಲರ್ ಮೂಳೆ, ಭುಜದ ತುದಿ, ಮೊಣಕೈ, ನೀವು ಆಗ ಮುಟ್ಟಿದ ಸೊಂಟದ ಎರಡು ತುದಿ, ಮೊಣಕಾಲ ಚಿಪ್ಪು, ಕಣಕಾಲಿನ ಮುಂದಿನ ಅಂಚು, ಪಾದದ ಗಂಟುಗಳು. ಬೆನ್ನಿಗೆ ಬಂದರೆ ಕತ್ತಿನ ಬುಡದಲ್ಲಿ ಎದ್ದು ಕಾಣುವ 7ನೇ ಮಣಿ, ಭುಜದ ಹಿಂದಿನ ಚಪ್ಪಟೆ ಮೂಳೆಯ, ಅಂದರೆ ರೆಕ್ಕೆ ಮೂಳೆಯ ಅಂಚು, ಸೊಂಟದ ಹಿಂದೆ ಎರಡು ಗುಳಿ. ದಪ್ಪಗಿರಲಿ, ತೆಳ್ಳಗಿರಲಿ, ವಯಸ್ಸಾಗಿರಲಿ, ಇವು ಇದ್ದ ಜಾಗದಲ್ಲೇ ಇರುತ್ತವೆ. ಮಾಂಸ ಉಬ್ಬುತ್ತದೆ, ಇಳಿಯುತ್ತದೆ, ಜೋಲುತ್ತದೆ. ತೆಳ್ಳಗಿನವರಲ್ಲಿ ಈ ಜಾಗ ಉಬ್ಬಾಗಿ ಕಾಣುತ್ತದೆ, ದಪ್ಪಗಿನವರಲ್ಲಿ ಅದೇ ಜಾಗ ಗುಳಿಯಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ಚರ್ಮ ಮೂಳೆಗೆ ಅಂಟಿಕೊಂಡಿದೆ, ಸುತ್ತ ಕೊಬ್ಬು ಏರಿದೆ. ತುಂಬಿಕೊಂಡ ಮಗುವಿನ ಕೈ ಬೆನ್ನಿನಲ್ಲಿ ಬೆರಳಿನ ಗೆಣ್ಣು ಇರಬೇಕಾದ ಕಡೆ ನಾಲ್ಕು ಗುಳಿ ಇರುತ್ತವಲ್ಲ, ಅದೇ.

ಮೊಣಕೈಯನ್ನು ಹತ್ತಿರದಿಂದ ನೋಡೋಣ. ಎಡಗೈ ಚಾಚಿ, ನೆಟ್ಟಗೆ. ಬಲಗೈಯ ಹೆಬ್ಬೆರಳನ್ನು ಮೊಣಕೈಯ ಒಂದು ಪಕ್ಕದ ಗಂಟಿಗೆ, ನಡುಬೆರಳನ್ನು ಇನ್ನೊಂದು ಪಕ್ಕದ ಗಂಟಿಗೆ, ತೋರುಬೆರಳನ್ನು ಹಿಂದಿನ ಚೂಪು ಮೂಳೆಗೆ ಇಡಿ. ಮೂರೂ ಒಂದೇ ಗೆರೆಯಲ್ಲಿ ಇವೆ. ಬೆರಳು ಎತ್ತದೆ ನಿಧಾನವಾಗಿ ಕೈ ಮಡಚಿ. ತೋರುಬೆರಳು ಕೆಳಗೆ ಜಾರಿತು, ಮೂರು ಸೇರಿ ತ್ರಿಕೋನ ಆಯಿತು. ಮಡಚಿದ ಮೊಣಕೈ ಚೌಕವಾಗಿ, ಚೂಪಾಗಿ ಕಾಣುವುದು ಇದಕ್ಕೇ. ಇನ್ನು ಮುಂದೆ ಮೊಣಕೈಯನ್ನು ದುಂಡಗೆ ಬಿಡಿಸಲು ನಿಮ್ಮ ಕೈ ಬರುವುದಿಲ್ಲ.

ಅದೇ ಕೈಯಲ್ಲಿ ಇನ್ನೊಂದು ಆಟ. ಮುಂಗೈಯನ್ನು ತೊಡೆಯ ಮೇಲಿಟ್ಟು ಅಂಗೈ ಮೇಲೆ ಮಾಡಿ. ಮುಂಗೈಯಲ್ಲಿ ಎರಡು ಮೂಳೆ: ಕಿರುಬೆರಳಿನ ಕಡೆ ಒಂದು, ಹೆಬ್ಬೆರಳಿನ ಕಡೆ ಒಂದು. ಈಗ ಮೊಣಕೈ ಅಲ್ಲಾಡಿಸದೆ ಅಂಗೈಯನ್ನು ಕೆಳಗೆ ತಿರುಗಿಸಿ. ಕಿರುಬೆರಳಿನ ಕಡೆಯ ಮೂಳೆ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಹೆಬ್ಬೆರಳಿನ ಕಡೆಯದು ಅದರ ಮೇಲೆ ಹಾದು ಅಡ್ಡ ಬಂತು. ಮುಂಗೈಯ ಗೆರೆಗಳು ಅಂಗೈ ಮೇಲಿದ್ದಾಗ ಒಂದು ಥರ, ಕೆಳಗಿದ್ದಾಗ ಇನ್ನೊಂದು ಥರ ಇರುವುದು ಇದರಿಂದ. ಮೊಣಕೈ ಹತ್ತಿರ ಮುಂಗೈ ದುಂಡಗಿದೆ, ಮಣಿಕಟ್ಟಿನ ಹತ್ತಿರ ಚಪ್ಪಟೆ. ನಾನು ಮೊದಲು ಅದನ್ನು ಉದ್ದಕ್ಕೂ ಪೈಪಿನ ಹಾಗೆ ಬಿಡಿಸುತ್ತಿದ್ದೆ.

ತೋಳು ಮೈಗೆ ಎಲ್ಲಿ ಸೇರಿದೆ? ಭುಜದಲ್ಲಿ ಅನ್ನುತ್ತೀರಿ. ಮೂಳೆಯ ಲೆಕ್ಕದಲ್ಲಿ ಅಲ್ಲ. ತೋಳಿನ ಮೂಳೆ ರೆಕ್ಕೆ ಮೂಳೆಗೆ ಸೇರಿದೆ, ರೆಕ್ಕೆ ಮೂಳೆ ಕಾಲರ್ ಮೂಳೆಗೆ, ಕಾಲರ್ ಮೂಳೆ ಕತ್ತಿನ ಗುಳಿಯ ಪಕ್ಕದಲ್ಲಿ ಎದೆಮೂಳೆಗೆ. ಮೂಳೆಗೆ ಮೂಳೆ ತಾಗಿ ತೋಳು ಮೈಗೆ ಸೇರುವುದು ಅಲ್ಲೊಂದೇ ಕಡೆ, ಉಳಿದದ್ದೆಲ್ಲ ಮಾಂಸದ ಹಿಡಿತ. ಒಂದು ಬೆರಳು ಆ ಜಾಗದಲ್ಲಿಟ್ಟು ಇನ್ನೊಂದು ಕೈ ಮೇಲೆತ್ತಿ, ಅಲ್ಲಿ ಅಲುಗಾಡುವುದು ಗೊತ್ತಾಗುತ್ತದೆ. ಕೈಯನ್ನು ಪೂರ್ತಿ ತಲೆಯ ಮೇಲೆ ಎತ್ತಿದಾಗ ಸುಮಾರು ಮೂರರಲ್ಲಿ ಒಂದು ಪಾಲು ಚಲನೆ ರೆಕ್ಕೆ ಮೂಳೆಯದು. ಹಾಗಾಗಿ ಕೈ ಎತ್ತಿದವನ ಭುಜವನ್ನು ಇಳಿದ ಭುಜದ ಜಾಗದಲ್ಲೇ ಇಟ್ಟು ತೋಳು ಮಾತ್ರ ತಿರುಗಿಸಿದರೆ, ಮೊಳೆ ಹೊಡೆದ ಕಾಗದದ ಗೊಂಬೆ ಆಗುತ್ತದೆ. ಭುಜವೂ ಏರಬೇಕು, ಕಾಲರ್ ಮೂಳೆಯೂ ಓರೆಯಾಗಬೇಕು.

ಕಾಲಿಗೆ ಎರಡೇ ಮಾತು. ಒಂದು, ಪಕ್ಕದಿಂದ ನೋಡಿದರೆ ಕಾಲು ನೆಟ್ಟಗಿಲ್ಲ. ತೊಡೆ ಮುಂದಕ್ಕೆ ಉಬ್ಬಿದೆ, ಮೀನಖಂಡ ಹಿಂದಕ್ಕೆ. ಇನ್ನೊಂದು, ಮುಂದಿನಿಂದ ನೋಡಿದಾಗ ಮೀನಖಂಡದ ಹೊರಗಿನ ಉಬ್ಬು ಮೇಲೆ, ಒಳಗಿನದು ಕೆಳಗೆ. ಪಾದದ ಗಂಟಿನಲ್ಲಿ ಇದು ತಿರುವುಮುರುವು: ಒಳಗಿನ ಗಂಟು ಮೇಲೆ, ಹೊರಗಿನದು ಕೆಳಗೆ. ಎರಡು ಓರೆ ಗೆರೆ, ಒಂದಕ್ಕೊಂದು ಎದುರು. ಅಷ್ಟರಲ್ಲೇ ಮೇಜಿನ ಕಾಲು ಹೋಗಿ ಮನುಷ್ಯನ ಕಾಲು ಬರುತ್ತದೆ. ಅಂಗೈ, ಬೆರಳುಗಳ ಬಗ್ಗೆ ಇವತ್ತು ಹೇಳುವುದಿಲ್ಲ, ಅದಕ್ಕೆ ಇನ್ನೊಂದು ಸಂಜೆಯೇ ಬೇಕು. ಸದ್ಯಕ್ಕೆ ನಾಲ್ಕು ಬೆರಳನ್ನೂ ಸೇರಿಸಿ ಒಂದೇ ತುಂಡಾಗಿ ಬಿಡಿಸಿ, ಹೆಬ್ಬೆರಳು ಮಾತ್ರ ಬೇರೆ.

ಹಾಗಾದರೆ ಮಾಂಸಖಂಡ ಕಲಿಯಲೇಬಾರದಾ ಅಂತ ಮುಂದೆ ಕೂತವರೊಬ್ಬರು ಕೇಳಿದರು. ಕಲಿಯಿರಿ. ಆದರೆ ಪ್ರಶ್ನೆ ಬಂದಾಗ ಕಲಿಯಿರಿ. ಕಂಕುಳು ಯಾಕೆ ಗುಳಿಯಾಗಿದೆ ಅಂತ ನಿಮಗೆ ಅನ್ನಿಸಿದ ದಿನ ಹುಡುಕಿದರೆ, ಎದೆಯ ಮಾಂಸ ಮುಂದಿನ ಗೋಡೆ, ಬೆನ್ನಿನ ಮಾಂಸ ಹಿಂದಿನ ಗೋಡೆ, ಎರಡೂ ತೋಳಿನ ಮೂಳೆಗೆ ಹೋಗಿ ಸೇರುತ್ತವೆ ಅಂತ ತಿಳಿಯುತ್ತದೆ. ಅದನ್ನು ಮರೆಯಲು ಆಗುವುದಿಲ್ಲ. ಹೆಸರು ಬೇಡ, ಯಾವ ಮೂಳೆಯಿಂದ ಹೊರಟು ಯಾವ ಮೂಳೆಗೆ ಹೋಗುತ್ತದೆ ಅಂತ ನೋಡಿ. ಮಾಂಸಖಂಡಕ್ಕೆ ಎಳೆಯುವುದು ಮಾತ್ರ ಗೊತ್ತು, ತಳ್ಳಲು ಬರುವುದಿಲ್ಲ. ಕೈ ಮಡಚಲು ಮುಂದಿನದು ಎಳೆಯಬೇಕು, ಚಾಚಲು ಹಿಂದಿನದು. ಆದ್ದರಿಂದ ಮಡಚಿದ ತೋಳಿನಲ್ಲಿ ಮುಂದೆ ಉಬ್ಬಿಸಿದ ಮೇಲೆ ಹಿಂದೆಯೂ ಅಷ್ಟೇ ಉಬ್ಬಿಸಬೇಡಿ. ನಾನು ಉಬ್ಬಿಸುತ್ತಿದ್ದೆ, ಚೆನ್ನಾಗಿ ಕಾಣುತ್ತದೆ ಅಂತ.

ಅಭ್ಯಾಸದ ಮಾತು. ಗಡಿಯಾರ ಇಟ್ಟುಕೊಂಡು 30 ಸೆಕೆಂಡಿನ ಚಿತ್ರ ಮಾಡಿ. ಆ ಸಮಯದಲ್ಲಿ ಮೂರು ತುಂಡು, ಭಾರ ಹೊತ್ತ ಕಾಲು, ಅಷ್ಟೇ ಹಾಕಲು ಆಗುವುದು. ಕಣ್ಣು, ಮೂಗು ಬರೆಯಲು ಪುರುಸೊತ್ತೇ ಇರುವುದಿಲ್ಲ, ಅದೇ ಲಾಭ. ಆಮೇಲೆ 2 ನಿಮಿಷ, 10 ನಿಮಿಷ. ಇನ್ನೊಂದು ಅಭ್ಯಾಸ: ಆಟಗಾರರ ಅಥವಾ ನೃತ್ಯಗಾರರ ಫೋಟೋ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಹೊರಗೆರೆ ಎಳೆಯದೆ, ಬರೀ ಮೂರು ತುಂಡು ಮತ್ತು ಮೂಳೆಯ ಜಾಗಗಳನ್ನು ಗುರುತು ಮಾಡಿ. ಬಟ್ಟೆಯೊಳಗೆ ಸೊಂಟದ ತುದಿ ಎಲ್ಲಿದೆ ಅಂತ ಊಹಿಸಬೇಕಾಗುತ್ತದೆ, ತಪ್ಪಾಗುತ್ತದೆ, ಆಗಲಿ. ಒಂದು ಎಚ್ಚರಿಕೆ, ಮೊಬೈಲಿನಲ್ಲಿ ತುಂಬಾ ಹತ್ತಿರದಿಂದ ತೆಗೆದ ಫೋಟೋ ಬೇಡ. ಹತ್ತಿರ ಇದ್ದದ್ದು ಊದಿಕೊಂಡು, ದೂರ ಇದ್ದದ್ದು ಕುಗ್ಗಿ ಕಾಣುತ್ತದೆ. ಅದರಿಂದ ಅಳತೆ ಕಲಿತರೆ ದೊಡ್ಡ ತಲೆ, ಪುಟ್ಟ ಕಾಲಿನ ಜನರೇ ಕೈಗೆ ಬರುತ್ತಾರೆ.

ನನ್ನ ಆ ಹಳೆಯ ನೋಟ್‌ಬುಕ್ ಈಗಲೂ ಇದೆ. ಇಲ್ಲಿಗೆ ಬರುವ ಮೊದಲು ಆ ಆರು ಗಂಟಿನ ಹೊಟ್ಟೆಯವನ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಇದೇ ಅಭ್ಯಾಸ ಮಾಡಿದೆ. ತಲೆ ಸಿಕ್ಕಿತು. ಎದೆಗೂಡು ಕಷ್ಟಪಟ್ಟು ಸಿಕ್ಕಿತು. ಸೊಂಟದ ಮೂಳೆ ಎಷ್ಟು ಹುಡುಕಿದರೂ ಇಲ್ಲ. ಹೊಟ್ಟೆಯ ಗಂಟುಗಳು ಮುಗಿದ ಕೂಡಲೇ ತೊಡೆ ಶುರುವಾಗಿದೆ, ನಡುವೆ ಪೆಟ್ಟಿಗೆ ಇಡಲು ಜಾಗವನ್ನೇ ಬಿಟ್ಟಿಲ್ಲ. ಪಾಪ, ಭಾರ ಯಾವ ಕಾಲಿಗೆ ಹಾಕಬೇಕಿತ್ತು ಅವನು? ಪುಟವನ್ನು ಆ ಮೇಜಿನ ಮೇಲಿಟ್ಟಿದ್ದೇನೆ, ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇದೆ. ಹೋಗುವಾಗ ನೀವೂ ಒಂದು ಸಲ ಹುಡುಕಿ ನೋಡಿ.